ದಿನಾ ಹದಿನೈದು ನಿಮಿಷ ದೇವರ ಜತೆ ಕೂರೋದು ಹೇಗೆ?

ಭಾನುವಾರ ಚರ್ಚಲ್ಲಿ ಹಾಡ್ತೀವಿ, ಪ್ರಸಂಗ ಕೇಳ್ತೀವಿ, ಮನಸ್ಸು ತುಂಬಿ ಬರತ್ತೆ, ಸೋಮವಾರ ಹಾಲು, ಟಿಫನ್, ಸ್ಕೂಲ್ ವ್ಯಾನು, ಆಫೀಸು ಅಂತ ಓಡೋ ಹೊತ್ತಿಗೆ ಅದೆಲ್ಲಾ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಯೂತ್ ಮೀಟಿಂಗಲ್ಲಿ ಹುಡುಗರು ಇದನ್ನೇ ಹೇಳ್ತಾರೆ, ಸ್ತ್ರೀಯರ ಸಂಘದಲ್ಲಿ ಅಮ್ಮಂದಿರೂ ಇದನ್ನೇ ಹೇಳ್ತಾರೆ. ಇವರಿಗೆಲ್ಲಾ ನಂಬಿಕೆ ಕಮ್ಮಿ ಅಂತ ನನಗೆ ಅನಿಸಲ್ಲ, ವಾರದ ಉಳಿದ ಆರು ದಿನದಲ್ಲಿ ಆ ನಂಬಿಕೆಗೆ ಒಂದು ಹೊತ್ತು, ಒಂದು ಜಾಗ ಇಟ್ಟಿಲ್ಲ ಅಷ್ಟೇ.

ಶುರು ಮಾಡೋಕೆ ಮುಂಚೆ ಒಂದು ವಿಷಯ ಸ್ಪಷ್ಟ ಇರಲಿ. ದಿನಾ ಸತ್ಯವೇದ, ಅಂದ್ರೆ ಬೈಬಲ್, ಓದಿದ್ರೆ ದೇವರು ಜಾಸ್ತಿ ಪ್ರೀತಿಸ್ತಾರೆ, ಬಿಟ್ರೆ ಕೋಪ ಮಾಡ್ಕೊಳ್ತಾರೆ ಅಂತ ಯಾರಾದ್ರೂ ಹೇಳಿಕೊಟ್ಟಿದ್ರೆ ಅದನ್ನ ಇಲ್ಲೇ ಬಿಟ್ಟುಬಿಡಿ. ರಕ್ಷಣೆ ಕೃಪೆಯಿಂದ ಬರೋದು, ಪೌಲ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ ಅದನ್ನ ನೇರವಾಗಿ ಹೇಳತ್ತೆ. ಅದೇ ಪೌಲ ತಿಮೊಥೆಯನಿಗೆ ದೇವಭಕ್ತಿಯಲ್ಲಿ ಸಾಧನೆ ಮಾಡು ಅಂತಾನೂ ಬರೀತಾರೆ. ಎರಡೂ ಒಟ್ಟಿಗೆ ನಿಲ್ಲತ್ತೆ, ಯಾಕಂದ್ರೆ ಕೊಡೋದು ದೇವರ ಕೆಲಸ, ತಗೊಳ್ಳೋಕೆ ಅಲ್ಲಿ ಹೋಗಿ ಕೂರೋದು ನಮ್ಮ ಕೆಲಸ. ಈ ಲೇಖನ ಪೂರ್ತಿ ಆ ಕೂರೋದರ ಬಗ್ಗೆನೇ.

ಮೊದಲು ಹೊತ್ತು ಮತ್ತು ಜಾಗ

ಮಾರ್ಕನ ಸುವಾರ್ತೆ 1ನೇ ಅಧ್ಯಾಯದಲ್ಲಿ ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಂಟಿ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡ್ತಾ ಇದ್ರು ಅಂತ ಇದೆ, ಹಿಂದಿನ ಸಂಜೆ ಊರೆಲ್ಲಾ ಬಾಗಿಲಿಗೆ ಬಂದು ನಿಂತಿತ್ತು, ಅಷ್ಟು ಕೆಲಸ ಆದ ಮಾರನೇ ದಿನ ಇದು. ದಾನಿಯೇಲ ದಿನಕ್ಕೆ ಮೂರು ಸಲ, ಯೆರೂಸಲೇಮಿನ ಕಡೆ ತೆರೆದಿರೋ ಕಿಟಕಿ ಹತ್ತಿರ. ಒಬ್ಬರದು ಬೆಳಗಿನ ಜಾವ, ಇನ್ನೊಬ್ಬರದು ಮೂರು ಹೊತ್ತು, ಆದ್ರೆ ಇಬ್ಬರಿಗೂ ಜಾಗ ಗೊತ್ತಿತ್ತು, ಯಾವಾಗ ಹೋಗಬೇಕು ಅನ್ನೋದೂ ಗೊತ್ತಿತ್ತು.

ಹಾಗಾಗಿ ಬೆಳಗ್ಗೆ ಐದಕ್ಕೇ ಏಳಬೇಕು ಅಂತ ಹಟ ಬೇಡ. ಬೆಂಗಳೂರಲ್ಲಿ ನೈಟ್ ಶಿಫ್ಟ್ ಮಾಡೋ ಹುಡುಗಿಗೆ ಬೆಳಗಿನ ಜಾವ ಅಂದ್ರೆ ಮಲಗೋ ಹೊತ್ತು, ಅವಳು ಕ್ಯಾಬಲ್ಲಿ ಇಯರ್‌ಫೋನ್ ಹಾಕ್ಕೊಂಡು ಕನ್ನಡ ಆಡಿಯೋ ಬೈಬಲ್ ಕೇಳಲಿ. ಚಿಕ್ಕ ಮಗು ಇರೋ ತಾಯಿಗೆ ಮಗು ಮಧ್ಯಾಹ್ನ ಮಲಗಿದ ಮೇಲೆ ಸಿಗೋ ಹತ್ತು ನಿಮಿಷ ಸಾಕು. ನೀವು ದಿನಾ ತಪ್ಪದೆ ಮಾಡೋ ಒಂದು ಕೆಲಸ ನೋಡಿ, ಬೆಳಗ್ಗಿನ ಕಾಫಿ ಇರಬಹುದು, ಅಂಗಡಿ ಶಟರ್ ಎತ್ತೋದಿರಬಹುದು, ಅದರ ಬೆನ್ನಿಗೇ ಇದನ್ನ ಇಟ್ಟುಕೊಳ್ಳಿ, ಆಗ ಬೇರೆ ಜ್ಞಾಪಕ ಬೇಕಾಗಲ್ಲ. ಸತ್ಯವೇದ ಬೀರುವಿನೊಳಗೆ ಬೇಡ, ಕೂರೋ ಕುರ್ಚಿ ಪಕ್ಕದಲ್ಲೇ ಇರಲಿ. ಫೋನಲ್ಲಿ ಓದೋರು ಮೊದಲು ಡೇಟಾ ಆಫ್ ಮಾಡಿ, ಇದು ಚಿಕ್ಕ ವಿಷಯ ಅನಿಸಿದ್ರೂ ಅರ್ಧ ಜನರ ಪ್ರಾರ್ಥನೆ ನಿಂತುಹೋಗೋದು ಒಂದು ನೋಟಿಫಿಕೇಶನ್ನಿಂದಲೇ.

ಏನು ಓದೋದು, ಎಷ್ಟು ಓದೋದು

ಹೆಚ್ಚಿನವರು ಜನವರಿ ಒಂದಕ್ಕೆ ಆದಿಕಾಂಡದಿಂದ ಶುರು ಮಾಡಿ ಯೋಸೇಫನ ಕಥೆವರೆಗೂ ಖುಷಿಯಾಗಿ ಹೋಗಿ, ವಿಮೋಚನಕಾಂಡದ ಗುಡಾರದ ಅಳತೆಗಳಲ್ಲಿ ನಿಧಾನ ಆಗಿ, ಯಾಜಕಕಾಂಡದಲ್ಲಿ ನಿಂತುಬಿಡ್ತಾರೆ, ಆಮೇಲೆ ನನ್ನ ಕೈಲಿ ಆಗಲ್ಲ ಅಂತ ಪುಸ್ತಕ ಮುಚ್ಚಿಡ್ತಾರೆ. ಹೊಸದಾಗಿ ಶುರು ಮಾಡೋರು ಮಾರ್ಕನ ಸುವಾರ್ತೆ ತಗೊಳ್ಳಿ. 16 ಅಧ್ಯಾಯ ಇದೆ, ದಿನಕ್ಕೆ ಅರ್ಧ ಅಧ್ಯಾಯ ಓದಿದ್ರೆ ಒಂದು ತಿಂಗಳಲ್ಲಿ ಯೇಸುವಿನ ಜೀವನ ಪೂರ್ತಿ ಒಂದು ಸಲ ಕಣ್ಮುಂದೆ ಹಾದುಹೋಗತ್ತೆ. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ, ಯಾಕೋಬನ ಪತ್ರ, ನಂತರ ಯೋಹಾನ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇರೋದ್ರಿಂದ ಇವತ್ತಿನ ತಾರೀಕು ಎಷ್ಟೋ ಆ ಅಧ್ಯಾಯ ಅಂತ ಓದಬಹುದು, ಪಟ್ಟಿ ಇಟ್ಕೊಳ್ಳೋ ತಲೆನೋವೇ ಇಲ್ಲ. 150 ಕೀರ್ತನೆ ದಿನಕ್ಕೆ ಐದರಂತೆ ಮೂವತ್ತು ದಿನಕ್ಕೆ ಮುಗಿಯತ್ತೆ, ಆದ್ರೆ 119ನೇದು ಒಂದೇ 176 ವಚನ, ಅದಕ್ಕೆ ಬೇರೆ ದಿನಗಳನ್ನೇ ಇಟ್ಕೊಳ್ಳಿ.

ಸ್ವಲ್ಪ ರೂಢಿ ಆದೋರಿಗೆ ಹಳೇ ದಾರಿಯೊಂದಿದೆ. ಸ್ಕಾಟ್ಲೆಂಡಿನ ಡಂಡೀ ಊರಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗೋಸ್ಕರ ಒಂದು ಓದೋ ಪಟ್ಟಿ ಮಾಡಿದ್ರು, ದಿನಕ್ಕೆ ಹೆಚ್ಚುಕಮ್ಮಿ ನಾಲ್ಕು ಅಧ್ಯಾಯ, ವರ್ಷದಲ್ಲಿ ಹಳೇ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಅದರಲ್ಲಿ ಅರ್ಧ ಮನೆಯವರೆಲ್ಲಾ ಸೇರಿ ಓದೋಕೆ, ಅರ್ಧ ಒಬ್ಬೊಬ್ಬರೇ ಓದೋಕೆ. ನನಗೆ ಆ ಪಟ್ಟಿಗಿಂತ ಇಷ್ಟ ಆಗೋದು ಅವರು ಅದರ ಜತೆಗೇ ಕೊಟ್ಟ ಎಚ್ಚರಿಕೆ: ಇದು ಬರೀ ಆಚಾರ ಆಗಬಹುದು, ಓದಿದೆ ಅನ್ನೋ ಅಹಂಕಾರ ಬರಬಹುದು, ಮುಗಿಸೋ ಅವಸರದಲ್ಲಿ ಕಣ್ಣು ಮಾತ್ರ ಓಡಬಹುದು, ಕೆಲವರಿಗೆ ಹೊರಲಾರದ ನೊಗ ಆಗಬಹುದು. ಮರುವರ್ಷವೇ, ಇನ್ನೂ 29ರ ವಯಸ್ಸಲ್ಲಿ, ಅವರು ತೀರಿಕೊಂಡ್ರು. ನಿಮಗೆ ನಾಲ್ಕು ಅಧ್ಯಾಯ ನೊಗ ಅನಿಸಿದ್ರೆ ಒಂದಕ್ಕೆ ಇಳಿಸಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಕನ್ನಡದಲ್ಲೇ ಓದಿ ಅಂತ ನಾನು ಒತ್ತಿ ಹೇಳ್ತೀನಿ, ಮನೆಯಲ್ಲಿ ಅಳೋದು ನಗೋದು ಕನ್ನಡದಲ್ಲಿ ಆದ್ರೆ ದೇವರ ಮಾತೂ ಅದೇ ಭಾಷೆಯಲ್ಲಿ ಕಿವಿಗೆ ಬೀಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಭಾಷೆ ಕಲಿತು, ಊರಿನವರ ಸಹಾಯದಿಂದ ಅನುವಾದ ಮಾಡಿ, 1830ರ ದಶಕದ ಶುರುವಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಯ್ತು, ಅಂದ್ರೆ ಇಪ್ಪತ್ತು ವರ್ಷದಷ್ಟು ದುಡಿಮೆ. ಹಳೇ ಅನುವಾದದ ಭಾಷೆ ಮಕ್ಕಳಿಗೆ ಕಷ್ಟ ಆದ್ರೆ ಈಗ ಸರಳ ಕನ್ನಡದ ಅನುವಾದಗಳೂ ಸಿಗ್ತವೆ, ಹಿರಿಯರಿಗೆ ದೊಡ್ಡಕ್ಷರದ ಪ್ರತಿ ತಂದುಕೊಡಿ. ಗಟ್ಟಿಯಾಗಿ ಓದಿ, ಮನಸ್ಸಲ್ಲೇ ಓದುವಾಗ ಹಾರಿಹೋಗೋ ವಚನ ಬಾಯಿಬಿಟ್ಟು ಓದುವಾಗ ತಪ್ಪಿಸ್ಕೊಳ್ಳಲ್ಲ.

ಓದಿದ ಮೇಲೆ ಮೂರೇ ಮೂರು ಪ್ರಶ್ನೆ ಸಾಕು: ಇಲ್ಲಿ ದೇವರು ಎಂಥವರು ಅಂತ ಕಾಣ್ತಾ ಇದೆ, ನನ್ನ ಯಾವ ವಿಷಯವನ್ನ ಇದು ಮುಟ್ಟತ್ತೆ, ಇವತ್ತು ನಾನು ಏನು ಮಾಡಬೇಕು. ಮೂರನೇದಕ್ಕೆ ಉತ್ತರ ಒಂದು ಸಾಲು ನೋಟ್‌ಬುಕ್ಕಲ್ಲಿ ಬರೀರಿ, ಅದರಲ್ಲಿ ಮನುಷ್ಯರ ಹೆಸರು ಇರಲಿ. "ಪ್ರೀತಿಯಿಂದ ಇರ್ತೀನಿ" ಅಂತ ಬರೆದ್ರೆ ಸಂಜೆಗೆ ಮರೆತುಹೋಗತ್ತೆ, "ಅತ್ತಿಗೆಗೆ ಫೋನ್ ಮಾಡ್ತೀನಿ" ಅಂತ ಬರೆದ್ರೆ ಫೋನ್ ಮಾಡ್ತೀರಿ.

ಪ್ರಾರ್ಥನೆ: ಮಾತು ಬರದಿದ್ದಾಗ

ಪ್ರಾರ್ಥನೆ ಮಾಡೋಕೆ ಬರಲ್ಲ ಅನ್ನೋದು ಶಿಷ್ಯರೇ ಹೇಳಿದ ಮಾತು, ನಮಗೂ ಕಲಿಸು ಅಂತ ಅವರು ಕೇಳಿದಾಗ ಯೇಸು ಕೊಟ್ಟಿದ್ದೇ ಕರ್ತನ ಪ್ರಾರ್ಥನೆ. ಅದನ್ನ ನಾವು ಚರ್ಚಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸ್ತೀವಿ. ಮನೆಯಲ್ಲಿ ಒಂದೊಂದು ಸಾಲಿಗೂ ನಿಂತು ನೋಡಿ. ನಿನ್ನ ಹೆಸರು ಪರಿಶುದ್ಧವಾಗಲಿ ಅಂದ ಮೇಲೆ ನಿಲ್ಲಿಸಿ, ನಿನ್ನೆ ಸಿಕ್ಕ ಒಂದು ಒಳ್ಳೇದಕ್ಕೆ ಸ್ತೋತ್ರ ಹೇಳಿ. ರಾಜ್ಯ ಬರಲಿ ಅನ್ನೋ ಕಡೆ ನಿಮ್ಮ ಊರು, ಕೆಲಸದ ಜಾಗ, ಅಲ್ಲಿ ಅನ್ಯಾಯ ಆಗ್ತಿರೋದನ್ನ ತನ್ನಿ. ದಿನದ ಆಹಾರದ ಹತ್ತಿರ ಬಾಡಿಗೆ, ಫೀಸು, ಸಾಲದ ಕಂತು ಎಲ್ಲಾ ಹೇಳಬಹುದು, ದೇವರ ಮುಂದೆ ದುಡ್ಡಿನ ಮಾತು ಆಡಬಾರದು ಅಂತ ಎಲ್ಲೂ ಇಲ್ಲ. ಕ್ಷಮಿಸು ಅನ್ನೋ ಸಾಲಿನಲ್ಲಿ ಒಬ್ಬರ ಮುಖ ಬಂದೇ ಬರತ್ತೆ, ಅಲ್ಲಿ ಅವಸರ ಮಾಡಬೇಡಿ. ಹೀಗೆ ಮಾಡಿದ್ರೆ ಐದು ನಿಮಿಷ ಹೇಗೆ ಹೋಯ್ತು ಅಂತ ಗೊತ್ತಾಗಲ್ಲ.

ಬೇರೆಯವರಿಗಾಗಿ ಪ್ರಾರ್ಥನೆ ಮಾಡೋಕೆ ವಾರ ಹಂಚಿಕೊಳ್ಳಿ: ಸೋಮವಾರ ಮನೆಯವರು, ಮಂಗಳವಾರ ಹುಷಾರಿಲ್ಲದೋರು, ಬುಧವಾರ ಜತೆ ಕೆಲಸ ಮಾಡೋರು, ಹೀಗೆ. ಪ್ರಾರ್ಥನೆ ಮಾಡ್ತೀನಿ ಅಂತ ಯಾರಿಗಾದ್ರೂ ಮಾತು ಕೊಟ್ರೆ ಆಗಲೇ, ನಿಂತಲ್ಲೇ, ಅವರ ಎದುರೇ ಎರಡು ವಾಕ್ಯ ಮಾಡಿಬಿಡಿ.

ಕಥೋಲಿಕ ಮನೆಗಳಲ್ಲಿ ಈ ಕೆಲಸವನ್ನ ಜಪಮಾಲೆ ಮಾಡ್ತಾ ಬಂದಿದೆ. ಮಂಗಳೂರು ಕಡೆ ಕೊಂಕಣಿ ಮಾತಾಡೋ ಮನೆಗಳಲ್ಲಿ ಸಂಜೆ ತೆರ್ಸ್, ಅಂದ್ರೆ ಜಪಮಾಲೆ ಪ್ರಾರ್ಥನೆ, ಆಗದೆ ಊಟ ಇಲ್ಲ ಅನ್ನೋ ಶಿಸ್ತು ಇತ್ತು, ಈಗಲೂ ಎಷ್ಟೋ ಮನೆಗಳಲ್ಲಿ ಇದೆ, ಮಕ್ಕಳಿಂದ ಅಜ್ಜಿವರೆಗೆ ಎಲ್ಲರ ಬಾಯಿಗೂ ಅದೇ ಮಾತು. ಪ್ರೊಟೆಸ್ಟೆಂಟ್ ಮನೆಗಳ ಸಂಜೆ ಪ್ರಾರ್ಥನೆಯ ರೂಪ ಬೇರೆ, ಆದ್ರೆ ಇಬ್ಬರದ್ದೂ ಕಸುವು ಒಂದೇ ಕಡೆ ಇದೆ: ಎಲ್ಲರೂ ಒಂದೇ ಕಡೆ ಕೂರೋದು.

ಮನೆ ಪ್ರಾರ್ಥನೆ

ನನ್ನ ಪ್ರಕಾರ ಒಂದೇ ಒಂದು ರೂಢಿ ಉಳಿಸ್ಕೊಳ್ಳೋಕೆ ಆಗೋದು ಅಂದ್ರೆ ಇದನ್ನ ಉಳಿಸ್ಕೊಳ್ಳಿ. ಒಂದು ಹಾಡು, ಎಂಟ್ಹತ್ತು ವಚನ, ಇಬ್ಬರ ಪ್ರಾರ್ಥನೆ, ಕರ್ತನ ಪ್ರಾರ್ಥನೆ, ಹದಿನೈದು ನಿಮಿಷ ದಾಟಬಾರದು. ದಾಟಿದ್ರೆ ಮಕ್ಕಳಿಗೆ ಅದು ಶಿಕ್ಷೆ ಆಗತ್ತೆ, ದೊಡ್ಡವರಾದ ಮೇಲೆ ಅವರು ಬಿಟ್ಟುಬಿಡೋಕೆ ಅದೇ ಕಾರಣ ಆಗತ್ತೆ. ಹಾಡು ಯಾವುದು ಅಂತ ಮಕ್ಕಳೇ ಆರಿಸಲಿ, ಓದು ಬಂದ ಮಗು ಓದಲಿ, ತಪ್ಪಾಗಿ ಓದಿದ್ರೆ ಮಧ್ಯದಲ್ಲಿ ತಿದ್ದಬೇಡಿ. ಪ್ರಾರ್ಥನೆಯ ಹೆಸರಲ್ಲಿ ಮಕ್ಕಳ ತಪ್ಪುಗಳನ್ನ ದೇವರಿಗೆ ವರದಿ ಒಪ್ಪಿಸೋದು ಮಾತ್ರ ಯಾವತ್ತೂ ಬೇಡ, "ಕರ್ತನೇ, ಇವನಿಗೆ ಮೊಬೈಲ್ ಬಿಡೋ ಬುದ್ಧಿ ಕೊಡು" ಅಂತ ಅಪ್ಪ ಪ್ರಾರ್ಥನೆ ಮಾಡಿದ್ರೆ ಹುಡುಗನ ಕಿವಿಗೆ ಅದು ಬೈಗುಳವೇ.

ಧರ್ಮೋಪದೇಶಕಾಂಡ 6ನೇ ಅಧ್ಯಾಯ ಮಕ್ಕಳಿಗೆ ಕಲಿಸೋದನ್ನ ಮನೇಲಿ ಕೂತಾಗ, ದಾರೀಲಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತ ಹಂಚಿಟ್ಟಿದೆ. ಹಾಗಾಗಿ ಸ್ಕೂಲಿಗೆ ಬಿಡೋಕೆ ಹೋಗುವಾಗ ಗಾಡಿ ಮೇಲೇ ಒಂದು ಕಂಠಪಾಠ ವಚನ ಆಗಬಹುದು, ವಾರಕ್ಕೆ ಒಂದೇ, ಶನಿವಾರದೊಳಗೆ ಎಲ್ಲರಿಗೂ ಬಂದಿರತ್ತೆ.

ಕೈಗೆ ಬರೋ ನಂಬಿಕೆ

ಮಿಜೋರಾಂ ಸಭೆಗಳಲ್ಲಿ 1910ರ ಹೊತ್ತಿಗೆ ಶುರುವಾದ ಒಂದು ಪದ್ಧತಿ ಇದೆ, ಬುಹ್‌ಫೈ ಥಾಮ್ ಅಂತಾರೆ. ಅನ್ನಕ್ಕೆ ಇಡುವಾಗ ಪ್ರತಿ ಸಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕೋದು, ಆಮೇಲೆ ಸಭೆಗೆ ಕೊಡೋದು. ಬಡ ಮನೆಗೂ ಆಗೋ ಕಾಣಿಕೆ, ಆ ಅಕ್ಕಿಯ ದುಡ್ಡಲ್ಲಿ ಅಲ್ಲಿನ ಸಭೆ ದೊಡ್ಡ ಸೇವೆಗಳನ್ನೇ ನಡೆಸಿಕೊಂಡು ಬಂದಿದೆ. ನಮ್ಮ ಅಡುಗೆಮನೆಗೂ ಇದು ಸರಾಗವಾಗಿ ಹೊಂದತ್ತೆ. ಒಂದು ಡಬ್ಬಿ ಇಡಿ, ತುಂಬಿದಾಗ ಬೀದಿಯಲ್ಲಿ ಕಷ್ಟದಲ್ಲಿರೋ ಮನೆಗೆ ಕೊಡಿ, ಅವರು ಯಾವ ಧರ್ಮದವರು ಅಂತ ಕೇಳೋದು ಬೇಡ, ಫೋಟೋ ತೆಗೆಯೋದು ಬೇಡ, ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಹೇಳಿದ್ದು ಯೇಸುವೇ.

ಬೆಳಗ್ಗೆ ವಾಟ್ಸಾಪಲ್ಲಿ ವಚನ ಫಾರ್ವರ್ಡ್ ಮಾಡೋ ರೂಢಿ ತುಂಬಾ ಜನಕ್ಕಿದೆ. ಜರ್ಮನಿಯ ಹೆರ್ನ್‌ಹೂಟ್ ಅನ್ನೋ ಹಳ್ಳಿಯಲ್ಲಿ 1728ರಲ್ಲಿ ಹೀಗೇ ದಿನಕ್ಕೊಂದು ವಚನ ಕೊಡೋದು ಶುರುವಾಯ್ತು, 1731ರಿಂದ ಪುಸ್ತಕವಾಗಿ ವರ್ಷಾ ವರ್ಷಾ ಅಚ್ಚಾಗ್ತಾ ಇದೆ. ಆದ್ರೆ ಶುರುವಿನಲ್ಲಿ ಅದನ್ನ ಮನೆ ಮನೆಗೆ ಜನರೇ ನಡೆದು ತಗೊಂಡು ಹೋಗ್ತಿದ್ರು, ಹೇಗಿದ್ದೀರಿ ಅಂತ ವಿಚಾರಿಸ್ತಿದ್ರು. ಐವತ್ತು ಜನಕ್ಕೆ ವಚನ ಕಳಿಸೋ ಬದಲು ಒಬ್ಬರಿಗೆ ಫೋನ್ ಮಾಡಿ ಓದಿ ಹೇಳಿ, ಮಂಡಿ ನೋವಿಂದ ಚರ್ಚಿಗೆ ಬರೋಕಾಗದ ಹಿರಿಯರಿಗೆ ಅಂತೂ ಅದು ಇಡೀ ದಿನಕ್ಕೆ ಸಾಕಾಗತ್ತೆ.

ಮಲಗೋ ಮುಂಚೆ

ಲೈಟ್ ಆರಿಸಿದ ಮೇಲೆ ಎರಡು ನಿಮಿಷ ದಿನವನ್ನ ಬೆಳಗಿಂದ ನೆನೆಸ್ಕೊಳ್ಳಿ. ಇಗ್ನೇಷಿಯಸ್ ಲೊಯೋಲಾ 16ನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆಯ ಸಾರ ಇಷ್ಟೇ: ಮೊದಲು ಕೃತಜ್ಞತೆ, ಆಮೇಲೆ ಎಲ್ಲಿ ತಪ್ಪಿದೆ ಅನ್ನೋದು, ಕ್ಷಮೆ ಕೇಳೋದು, ನಾಳೆಗೆ ಸಹಾಯ ಕೇಳೋದು. ಕೃತಜ್ಞತೆ ಮೊದಲು ಬರಬೇಕು, ಇಲ್ಲಾಂದ್ರೆ ಬರೀ ನಮ್ಮ ತಪ್ಪುಗಳನ್ನೇ ಎಣಿಸ್ತಾ ನಿದ್ದೆ ಕೆಡತ್ತೆ. ಮನೆಯಲ್ಲಿ ಯಾರ ಮೇಲಾದ್ರೂ ರೇಗಿದ್ರೆ ದೇವರ ಹತ್ತಿರ ಕ್ಷಮೆ ಕೇಳಿ ಮಲಗೋದಷ್ಟೇ ಸಾಲದು, ಎದ್ದು ಹೋಗಿ ಅವರ ಹತ್ತಿರಾನೂ ಕೇಳಿ.

ತಪ್ಪಿಹೋದಾಗ, ಒಣಗಿದಾಗ

ದಿನ ತಪ್ಪತ್ತೆ. ಜ್ವರ ಬರತ್ತೆ, ಮದುವೆ ಮನೆ, ಪರೀಕ್ಷೆ, ಊರಿಗೆ ಪ್ರಯಾಣ. ಬಿಟ್ಟ ಅಧ್ಯಾಯಗಳನ್ನೆಲ್ಲಾ ಒಂದೇ ದಿನ ಓದಿ ಸರಿದೂಗಿಸೋಕೆ ಹೋಗಬೇಡಿ, ಇವತ್ತಿನದ್ದು ಇವತ್ತು ಓದಿ ಮುಂದೆ ಹೋಗಿ. ವಾರಗಟ್ಟಲೆ ಬಿಟ್ಟುಹೋಗಿದ್ರೆ ಮೊದಲಿಗಿಂತ ಚಿಕ್ಕದಾಗಿ ಶುರು ಮಾಡಿ, ಒಂದು ಕೀರ್ತನೆ, ಒಂದು ವಾಕ್ಯ ಪ್ರಾರ್ಥನೆ.

ಕೆಲವು ಸಲ ಏನೂ ಬಿಡದೆ ಮಾಡ್ತಾ ಇದ್ರೂ ಒಳಗೆ ಏನೂ ಅನಿಸಲ್ಲ, ಮನೆಯಲ್ಲಿ ಸಾವಾಗಿರತ್ತೆ, ಕೆಲಸ ಹೋಗಿರತ್ತೆ, ಅಥವಾ ಕಾರಣವೇ ಇರಲ್ಲ. ಆಗ ಸಂತೋಷದ ಹಾಡುಗಳನ್ನ ಬಲವಂತವಾಗಿ ಹಾಡಬೇಡಿ. 13ನೇ ಕೀರ್ತನೆ ತೆಗೀರಿ, ಆರೇ ವಚನ, ಅದರಲ್ಲಿ ಎಷ್ಟರ ತನಕ, ಎಷ್ಟರ ತನಕ ಅಂತ ದಾವೀದ ನಾಲ್ಕು ಸಲ ಕೇಳ್ತಾನೆ. 88ನೇದು ಇನ್ನೂ ಕಠಿಣ, ಕೊನೆವರೆಗೂ ಸಮಾಧಾನ ಬರೋದೇ ಇಲ್ಲ, ಆದ್ರೂ ಅದು ಸತ್ಯವೇದದೊಳಗೇ ಇದೆ. ಆ ಮಾತುಗಳನ್ನೇ ನಿಮ್ಮ ಪ್ರಾರ್ಥನೆ ಮಾಡ್ಕೊಳ್ಳಿ. ಒಬ್ಬರೇ ಇರಬೇಡಿ, ಸಭಾಪಾಲಕರಿಗೋ, ಸಭೆಯಲ್ಲಿ ನೀವು ನಂಬೋ ಒಬ್ಬ ಹಿರಿಯರಿಗೋ ಫೋನ್ ಮಾಡಿ, ನನ್ನ ಕೈಲಿ ಈಗ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ, ನನ್ನ ಪರವಾಗಿ ನೀವು ಮಾಡಿ ಅಂತ ಬಾಯಿಬಿಟ್ಟು ಕೇಳಿ. ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ರೆ ಡಾಕ್ಟರ್ ಹತ್ತಿರಾನೂ ಹೋಗಿ, ಅದರಿಂದ ನಂಬಿಕೆಗೆ ಯಾವ ಕುಂದೂ ಇಲ್ಲ. ಭಾನುವಾರ ಹಿಂದಿನ ಬೆಂಚಲ್ಲಾದ್ರೂ ಹೋಗಿ ಕೂತ್ಕೊಳ್ಳಿ, ನಿಮಗೆ ಹಾಡೋಕೆ ಆಗದಿದ್ರೆ ಪಕ್ಕದವರು ಹಾಡ್ತಾರೆ.