ಚೀಲ ಎಲ್ಲಿ ಹೋಯ್ತು? ಬೀದರ್ ರೈಲಿನ ಕಥೆಯಲ್ಲಿ ಇಂಗ್ಲಿಷ್ ಕಲಿಸಿದ ನನ್ನ ಅನುಭವ

ನಾನು ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕನ್ನಡ ಮಾಧ್ಯಮ. ಎಂಟನೇ ತರಗತಿಯಲ್ಲಿ 46 ಮಕ್ಕಳು. ಬಿಟ್ಟ ಸ್ಥಳ ತುಂಬಿ ಅಂದರೆ ಚೆನ್ನಾಗಿ ತುಂಬುತ್ತಾರೆ. 'ವಾಸ್' ಮುಂದೆ 'ಗೋಯಿಂಗ್' ಬರೆಯಬೇಕು ಅಂತ ಗೊತ್ತು. ಆದರೆ ನಿನ್ನೆ ಸಂಜೆ ಏನು ಮಾಡುತ್ತಿದ್ದೆ ಅಂತ ಇಂಗ್ಲಿಷಿನಲ್ಲಿ ಕೇಳಿದರೆ 'ಐ ವಾಸ್ ಪ್ಲೇ' ಅನ್ನುತ್ತಾರೆ. ಬರೆದಿದ್ದು ಒಂದು ಕಡೆ, ಬಾಯಿ ಒಂದು ಕಡೆ. ನಡುವೆ ಕಿವಿ ಇಲ್ಲವೇ ಇಲ್ಲ.

ಕಿವಿಗೆ ಕೆಲಸ ಕೊಡಬೇಕು ಅಂತ ಮೊಬೈಲಿನಲ್ಲಿ ಸಿಕ್ಕ ಒಂದು ರೆಕಾರ್ಡಿಂಗ್ ಹಾಕಿದೆ. ಯಾರೋ ವಿದೇಶದವರು ವಿಮಾನ ನಿಲ್ದಾಣಕ್ಕೆ ಹೋಗುತ್ತಾರೆ, ಅವರ ಸೂಟ್‌ಕೇಸ್ ಬರುವುದಿಲ್ಲ, ಕೌಂಟರಿನಲ್ಲಿ ಮಾತಾಡುತ್ತಾರೆ. ಮೂರು ನಿಮಿಷ. ಮುಗಿದ ಮೇಲೆ ಏನು ಕೇಳಿಸಿತು ಅಂದೆ. ಒಬ್ಬ ಹುಡುಗ 'ಹಲೋ' ಅಂದ. ಉಳಿದವರು ನನ್ನ ಮುಖ ನೋಡುತ್ತಿದ್ದರು. ಅವರ ಕಣ್ಣಲ್ಲಿ ಇದ್ದಿದ್ದು ಸೋಮಾರಿತನ ಅಲ್ಲ, ನಾಚಿಕೆ. ನನಗೆ ತುಂಬ ಕೆಟ್ಟದ್ದೆನಿಸಿತು. ಉಚ್ಚಾರ ಹೊಸದು, ಜಾಗ ಹೊಸದು, ಪದ ಹೊಸದು. ಮೂರು ಹೊಸದನ್ನು ಒಂದೇ ಸಲ ಅವರ ಮೇಲೆ ಹೇರಿದ್ದೆ.

ಜಾಗ ನಮ್ಮದೇ ಆಗಿರಲಿ ಅಂತ ಆ ರಾತ್ರಿ ನಾನೇ ಒಂದು ಕಥೆ ಬರೆಯಲು ಕೂತೆ. ಕಲಬುರಗಿ–ಬೀದರ್ ರೈಲು ನೆನಪಾಯಿತು. 2017ರ ಅಕ್ಟೋಬರ್‌ನಲ್ಲಿ ಶುರುವಾದ ದಾರಿ, ಸುಮಾರು 110 ಕಿಲೋಮೀಟರ್. ಕಮಲಾಪುರ, ಹುಮನಾಬಾದ್ ದಾಟಿ ಹೋಗುತ್ತದೆ. ಮರಗುತ್ತಿ ಹತ್ತಿರ ಸುರಂಗ ಇದೆ. ನಮ್ಮದು ಬಯಲುಸೀಮೆ, ತೊಗರಿ ಹೊಲದ ನಾಡು. ರೈಲು ಸುರಂಗದೊಳಗೆ ಹೋಗುತ್ತದೆ ಅನ್ನುವುದೇ ನಮ್ಮ ಮಕ್ಕಳಿಗೆ ದೊಡ್ಡ ಸಂಗತಿ.

ಕಥೆ ಇಷ್ಟು. ರೇಖಾ ಅನ್ನುವ ಹುಡುಗಿ ಮಾಮನ ಜೊತೆ ಬೀದರ್‌ಗೆ ಹೊರಡುತ್ತಾಳೆ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿರುವಾಗ ಮಳೆ ಶುರುವಾಗುತ್ತದೆ. ಕಮಲಾಪುರದಲ್ಲಿ ಒಬ್ಬ ಅಜ್ಜಿ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಹತ್ತುತ್ತಾಳೆ. ರೇಖಾ ಆರು ಹಣ್ಣು ತಗೊಳ್ಳುತ್ತಾಳೆ. ತಿನ್ನುತ್ತಿರುವಾಗ ಸುರಂಗ ಬರುತ್ತದೆ, ಎಲ್ಲರೂ ಕೂಗುತ್ತಾರೆ. ಬೀದರ್‌ನಲ್ಲಿ ಇಳಿದು ಆಟೋ ಹತ್ತಿ ಕೋಟೆಗೆ ಹೋಗುತ್ತಾರೆ. ಫೋಟೋ ತೆಗೆಯೋಣ ಅಂತ ನೋಡಿದರೆ ಚೀಲ ಇಲ್ಲ. ಸ್ಟೇಷನ್ನಿಗೆ ಓಡಿ ಬರುತ್ತಾರೆ. ಅಲ್ಲಿ ಅದೇ ಅಜ್ಜಿ ಬೆಂಚಿನ ಮೇಲೆ ಕೂತಿದ್ದಾಳೆ. ಚೀಲ ಅವಳ ಮಡಿಲಲ್ಲಿ ಇದೆ.

ಇಂಗ್ಲಿಷಿನಲ್ಲಿ ಹದಿನಾಲ್ಕೇ ವಾಕ್ಯ. ಸುಮ್ಮನೆ ಬರೆದ ವಾಕ್ಯ ಒಂದೂ ಇಲ್ಲ. 'ದೇ ವರ್ ಈಟಿಂಗ್ ದ ಬನಾನಾಸ್ ವೆನ್ ದ ಟ್ರೇನ್ ಎಂಟರ್ಡ್ ಅ ಟನಲ್' ಅನ್ನುವಂಥ ವಾಕ್ಯ ಎರಡು ಬೇಕಿತ್ತು. ಒಂದು ಕೆಲಸ ನಡೆಯುತ್ತಾ ಇದೆ, ಇನ್ನೊಂದು ನಡುವೆ ಬಂದು ಬಿತ್ತು. ಸ್ಟೇಷನ್ನು, ರೈಲು, ಮಡಿಲು ಮೂರೂ ಬೇಕಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ. ಇನ್ನು ಚೀಲ ಕಳೆದಿದ್ದು ಯಾಕೆ? ಕೇಳುವವರಿಗೆ ಏನೋ ಒಂದು ತಿಳಿಯಬೇಕು ಅನ್ನಿಸಬೇಕಲ್ವಾ? ಅದಕ್ಕೆ.

ಮೊದಲ ದಿನ ಯಾರಿಗೂ ಕಾಗದ ಕೊಡಲಿಲ್ಲ. ಬೋರ್ಡಿನ ಮೇಲೆ ಒಂದು ಗೆರೆ ಎಳೆದೆ. ಈ ತುದಿಗೆ ಕಲಬುರಗಿ, ಆ ತುದಿಗೆ ಬೀದರ್. ನಡುವೆ ಏನೇನು ಬರುತ್ತದೆ ಅಂತ ಕೇಳಿದೆ. ರೈಲಿನಲ್ಲಿ ಹೋಗಿ ಬಂದ ಮಕ್ಕಳು ಎದ್ದು ನಿಂತು ಹೇಳಿದರು. ಇದಕ್ಕೆ ಹತ್ತು ನಿಮಿಷ ಹೋಯಿತು, ಆದರೆ ಆ ಹತ್ತು ನಿಮಿಷ ತುಂಬ ಬೆಲೆಯದ್ದು. ಮುಂದೆ ಏನು ಬರಬಹುದು ಅಂತ ಗೊತ್ತಿದ್ದರೆ ಕಿವಿ ಅರ್ಧ ಕೆಲಸ ಮುಗಿಸಿ ಕೂತಿರುತ್ತದೆ. ಟನಲ್, ಲ್ಯಾಪ್, ಬಾಸ್ಕೆಟ್ ಈ ಮೂರು ಪದದ ಅರ್ಥ ಮಾತ್ರ ಮೊದಲೇ ಹೇಳಿದೆ. ಆಮೇಲೆ ಒಂದೇ ಪ್ರಶ್ನೆ: ಚೀಲ ಎಲ್ಲಿ ಹೋಯ್ತು?

ಸ್ಪೀಕರ್ ತಂದಿದ್ದೆ, ಅವತ್ತು ಚಾರ್ಜ್ ಇರಲಿಲ್ಲ, ಕರೆಂಟೂ ಇರಲಿಲ್ಲ. ನಾನೇ ಓದಿದೆ. ಈಗಲೂ ಮೊದಲ ಸಲ ನಾನೇ ಓದುತ್ತೇನೆ. ತಗಡಿನ ಛಾವಣಿಯ ಕೋಣೆಯಲ್ಲಿ ರೆಕಾರ್ಡಿಂಗ್ ಮೂರನೇ ಬೆಂಚಿಗೆ ಮುಟ್ಟುವುದಿಲ್ಲ. ಗೊತ್ತಿರುವ ದನಿಯಾದರೆ ಭಯವೂ ಕಡಿಮೆ. ಎರಡನೇ ದಿನ ಜೊತೆಯ ಶಿಕ್ಷಕಿಯೊಬ್ಬರ ದನಿಯಲ್ಲಿ ರೆಕಾರ್ಡ್ ಮಾಡಿದ್ದನ್ನು ಹಾಕುತ್ತೇನೆ. ಬೇರೆ ಬಾಯಿಂದಲೂ ಅದೇ ಮಾತು ಕೇಳಿಸಬೇಕು.

ಓದುವಾಗ ನಾನು ಒಂದು ತಪ್ಪು ಬಿಟ್ಟೆ. ಮೊದಲೆಲ್ಲ ಒಂದೊಂದೇ ಪದ ಬಿಡಿಸಿ ಓದುತ್ತಿದ್ದೆ. 'ದೇ. ಗಾಟ್. ಆಫ್. ದ. ಟ್ರೇನ್.' ಮಕ್ಕಳಿಗೆ ಸುಲಭ ಆಗಲಿ ಅಂತ. ಆದರೆ ಹಾಗೆ ಯಾರೂ ಮಾತಾಡುವುದಿಲ್ಲ. ನಿಜವಾದ ಮಾತಿನಲ್ಲಿ ಅದು 'ಗಾಟಾಫ್'. ನಮ್ಮ ಮಕ್ಕಳಿಗೆ 'ಗಾಟ್' ಗೊತ್ತು, 'ಆಫ್' ಗೊತ್ತು. 'ಗಾಟಾಫ್' ಅಂದರೆ ಹೊಸ ಪದ ಅಂದುಕೊಳ್ಳುತ್ತಾರೆ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಹೆಚ್ಚು ಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಕೆಲವು ಪದ ಗಟ್ಟಿ, ಉಳಿದವು ಮೆತ್ತಗೆ ಜಾರಿ ಹೋಗುತ್ತವೆ. 'ವಾಸ್' ಅನ್ನುವುದು 'ವಜ಼್' ಆಗುತ್ತದೆ, ಕೆಲವೊಮ್ಮೆ ಕೇಳಿಸುವುದೇ ಇಲ್ಲ. ಅದಕ್ಕೇ ಮಕ್ಕಳ ಬಾಯಲ್ಲೂ ಅದು ಬಿದ್ದು ಹೋಗುತ್ತದೆ. ಹೀಗಾಗಿ ಓಡುವ ಓದನ್ನೇ ಓದಿ, ವಾಕ್ಯಗಳ ನಡುವೆ ಮಾತ್ರ ನಿಲ್ಲುತ್ತೇನೆ. ಪದ ಬಿಡಿಸುವುದಿಲ್ಲ, ಉಸಿರಾಡಲು ಬಿಡುತ್ತೇನೆ.

ಮೊದಲ ಓದಿಗೇ ಹತ್ತು ಕೈ ಮೇಲೆದ್ದವು. ಅಜ್ಜಿ ಹತ್ತಿರ ಇದೆ ಸರ್! ಒಬ್ಬಳು ಮಾತ್ರ ಇಲ್ಲ, ರೈಲಿನಲ್ಲಿ ಅಂದಳು. ಇಬ್ಬರೂ ಸರಿ ಅಲ್ವಾ? ಮೊದಲು ರೈಲಿನಲ್ಲಿ, ಆಮೇಲೆ ಅಜ್ಜಿಯ ಮಡಿಲಲ್ಲಿ. ಅವತ್ತು ಅಷ್ಟು ಸಾಕು ಅಂದೆ.

ಎರಡನೇ ದಿನದ ಕೆಲಸಕ್ಕೆ ಡಿಕ್ಟೋಗ್ಲಾಸ್ ಅನ್ನುತ್ತಾರೆ. ಉಕ್ತಲೇಖನದ ತಂಗಿ ಅನ್ನಬಹುದು. ನಾಲ್ಕೈದು ವಾಕ್ಯವನ್ನು ಮಾಮೂಲಿ ವೇಗದಲ್ಲಿ ಎರಡು ಸಲ ಓದುತ್ತೇವೆ. ಮಕ್ಕಳು ಎಲ್ಲವನ್ನೂ ಬರೆಯಬಾರದು, ಕಿವಿಗೆ ಬಿದ್ದ ಮುಖ್ಯ ಪದ ಮಾತ್ರ. ಆಮೇಲೆ ನಾಲ್ಕು ನಾಲ್ಕು ಜನ ಸೇರಿ ಆ ಪದಗಳಿಂದ ಕಥೆಯನ್ನು ಮತ್ತೆ ಕಟ್ಟಬೇಕು. ಕೊನೆಗೆ ನನ್ನ ಕಾಗದದ ಜೊತೆ ಹೋಲಿಸಿ ನೋಡಬೇಕು. ವ್ಯಾಕರಣ ಬಾಗಿಲು ತಟ್ಟುವುದು ಇಲ್ಲಿಯೇ. ಮಕ್ಕಳ ಹತ್ತಿರ ಇರುವುದು ಟ್ರೇನ್, ಬನಾನಾ, ಟನಲ್, ಶೌಟ್. ಅವನ್ನು ಕಟ್ಟುವ ಹಗ್ಗ ಇಲ್ಲ. ಆ ಹಗ್ಗವೇ ವ್ಯಾಕರಣ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರಿಗೇ ಕಾಣುತ್ತಿತ್ತು.

ಒಂದು ಗುಂಪು ಬರೆದಿತ್ತು: 'ದೇ ಈಟ್ ಬನಾನಾ. ಟ್ರೇನ್ ಎಂಟರ್ ಟನಲ್.' ಇದು ತಪ್ಪು ಅಂತ ಗೊತ್ತಿದೆ, ಸರಿ ಮಾಡಲು ಬರುತ್ತಿಲ್ಲ. ನಾನು ಬೋರ್ಡಿನ ಮೇಲೆ 'ತಿನ್ನುತ್ತಿದ್ದರು' ಅಂತ ಬರೆದೆ. ಮುಖಗಳು ಹಾಗೇ ಇದ್ದವು. ಪುಸ್ತಕದ ಕನ್ನಡ ಅವರಿಗೆ ಪುಸ್ತಕದ ಇಂಗ್ಲಿಷಿನಷ್ಟೇ ದೂರ ಅಂತ ನನಗೆ ಆಗ ಹೊಳೆಯಿತು. ಮನೆಯಲ್ಲಿ ಅವ್ವಗ ಹೇಳುವಾಗ ಹೆಂಗ ಹೇಳ್ತೀರಿ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಥಟ್ಟನೆ ಹೇಳಿದ: 'ಬಾಳೆಹಣ್ಣ ತಿನ್ಲತ್ತಿದ್ವಿ ಸರ್, ಅಷ್ಟ್ರಾಗ ಸುರಂಗ ಬಂತು.'

ಅಲ್ಲಿ ನೋಡಿ! 'ತಿನ್ಲತ್ತಿದ್ವಿ'. ತಿನ್ನಲಿಕ್ಕೆ ಹತ್ತಿದ್ದೆವು. ನಮ್ಮ ಕಡೆಯ ಈ 'ಲತ್ತ' ಇದೆಯಲ್ಲ, ಕೆಲಸ ಶುರುವಾಗಿದೆ, ನಡೀತಾ ಇದೆ, ಇನ್ನೂ ಮುಗಿದಿಲ್ಲ ಅನ್ನುವುದನ್ನು ಅದು ಎಷ್ಟು ಚೆನ್ನಾಗಿ ಹೇಳುತ್ತದೆ. 'ವರ್ ಈಟಿಂಗ್' ಅಂದರೆ ಅದೇ. 'ಬಂತು' ಅಂದರೆ 'ಎಂಟರ್ಡ್', ಒಂದೇ ಏಟಿಗೆ ಆಗಿ ಹೋಗಿದ್ದು. ಬೋರ್ಡಿನಲ್ಲಿ ಉದ್ದ ಗೆರೆ ಎಳೆದು ಮೇಲೆ 'ತಿನ್ಲತ್ತಿದ್ವಿ' ಅಂತ ಬರೆದೆ. ಗೆರೆಯ ನಡುವೆ ಒಂದು ಚುಕ್ಕೆ ಇಟ್ಟು 'ಬಂತು' ಅಂತ ಬರೆದೆ. ಮನೆಯಲ್ಲಿ ದಖ್ಖನಿ, ಅಂದರೆ ನಮ್ಮ ಕಡೆಯ ಉರ್ದು ಮಾತಾಡುವ ಒಬ್ಬ ಹುಡುಗ 'ಖಾ ರೇ ಥೇ' ಅಂತ ತನ್ನದನ್ನೂ ಸೇರಿಸಿದ. ಅದನ್ನೂ ಗೆರೆಯ ಮೇಲೆ ಬರೆದೆ. ಆಮೇಲೆ ನಾನು ನಿಯಮ ಹೇಳಲಿಲ್ಲ. 'ರೈಲು ಕಾಯ್ಲತ್ತಿದ್ರು, ಮಳಿ ಬಂತು' ಅಂದೆ, 'ದೇ ವರ್ ವೇಟಿಂಗ್' ಅಂತ ಇಡೀ ತರಗತಿ ಕೂಗಿತು.

ಈ ಭಾಷೆಯನ್ನು ತರಗತಿಯಲ್ಲಿ ತಿದ್ದುತ್ತಾ ಬಂದವನು ನಾನು. ಹಳ್ಳಿ ಮಾತು ಬೇಡ, ಶುದ್ಧ ಕನ್ನಡ ಹೇಳು ಅನ್ನುತ್ತಿದ್ದೆ. ಅವತ್ತಿನಿಂದ ಬಿಟ್ಟೆ. ಇಂಗ್ಲಿಷಿಗೆ ಏಣಿ ಹಾಕಲು ಅವರ ಮನೆಯ ಗೋಡೆಯೇ ಗಟ್ಟಿ.

'ಡಿಡ್' ವಿಷಯದಲ್ಲೂ ಹೀಗೇ ಆಯಿತು. 'ಡಿಡ್ ಯು ವೆಂಟ್', 'ಐ ಡಿಡ್ ನಾಟ್ ವೆಂಟ್', ಇದು ನಮ್ಮ ಕಡೆಯ ಹಳೆಯ ತಪ್ಪು. ಎಷ್ಟು ಸಲ ಕೆಂಪು ಪೆನ್ನಿನಲ್ಲಿ ಗೀಚಿದರೂ ಹೋಗುವುದಿಲ್ಲ. ಆದರೆ ಕನ್ನಡದಲ್ಲಿ 'ಹೋದೆ' ಅನ್ನುವುದಕ್ಕೆ ಇಲ್ಲ ಸೇರಿಸಿದರೆ ಏನಾಗುತ್ತದೆ? 'ಹೋಗಲಿಲ್ಲ'. 'ಹೋದೆ'ಯಲ್ಲಿದ್ದ ಭೂತಕಾಲದ ಗುರುತು ಹೋಯಿತು, 'ಹೋಗು' ಮತ್ತೆ ಬಂತು. ಇಂಗ್ಲಿಷಿನಲ್ಲೂ 'ಡಿಡ್ ನಾಟ್' ಬಂದ ಕೂಡಲೇ 'ವೆಂಟ್' ಹೋಗಿ 'ಗೋ' ಬರುತ್ತದೆ. ನಿಮ್ಮ ಬಾಯಿ ಇದನ್ನು ಮೂರು ವರ್ಷದ ವಯಸ್ಸಿನಿಂದಲೇ ಸರಿಯಾಗಿ ಮಾಡುತ್ತಿದೆ ಅಂತ ಹೇಳಿದಾಗ ಒಬ್ಬಳು ನಾಲ್ಕೈದು ಕ್ರಿಯಾಪದ ಹಿಡಿದು ತಾನೇ ಪರೀಕ್ಷೆ ಮಾಡಿದಳು. ತಿಂದೆ, ತಿನ್ನಲಿಲ್ಲ. ಓಡಿದೆ, ಓಡಲಿಲ್ಲ. ಸರಿ ಐತಿ ಸರ್ ಅಂದಳು. ಆಮೇಲೆ ಒಬ್ಬಳನ್ನು ರೇಖಾ ಮಾಡಿ ಕುರ್ಚಿಯಲ್ಲಿ ಕೂರಿಸಿದೆವು. ಉಳಿದವರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು. 'ವೇರ್ ಡಿಡ್ ಯು ಲೀವ್ ಯುವರ್ ಬ್ಯಾಗ್?' 'ಡಿಡ್ ಯು ಕ್ರೈ?' ಈ ಎರಡನೆಯದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಈಗ ಆ ಸ್ಟೇಷನ್ನು, ರೈಲು, ಮಡಿಲಿನ ವಿಷಯ. ಕನ್ನಡದಲ್ಲಿ ಮೂರಕ್ಕೂ ಒಂದೇ 'ಅಲ್ಲಿ'. ಸ್ಟೇಷನ್ನಿನಲ್ಲಿ, ರೈಲಿನಲ್ಲಿ, ಮಡಿಲಲ್ಲಿ. ಇಂಗ್ಲಿಷಿನಲ್ಲಿ 'ಅಟ್ ದ ಸ್ಟೇಷನ್', 'ಆನ್ ದ ಟ್ರೇನ್', 'ಇನ್ ಹರ್ ಲ್ಯಾಪ್'. ಇಲ್ಲಿ ಕನ್ನಡ ನೆರವಿಗೆ ಬರುವುದಿಲ್ಲ. ಅದನ್ನು ಮಕ್ಕಳಿಗೆ ಹಾಗೇ ಹೇಳಿಬಿಡುವುದು ಒಳ್ಳೆಯದು. ಇದಕ್ಕೆ ಕಿವಿಯೇ ದಾರಿ. ಅದೇ ಚೀಲ ಮೂರು ಜಾಗಕ್ಕೆ ಹೋಗುವ ಕಥೆಯನ್ನು ಆರೇಳು ಸಲ ಕೇಳಿದ ಮೇಲೆ 'ಇನ್ ದ ಟ್ರೇನ್' ಅಂದರೆ ಅವರಿಗೇ ಏನೋ ಸರಿ ಇಲ್ಲ ಅನ್ನಿಸತೊಡಗಿತು. ಬಸ್ಸಿಗೂ 'ಆನ್', ಆಟೋಗೆ ಮಾತ್ರ 'ಇನ್'. ಎದ್ದು ನಿಂತು ಓಡಾಡಲು ಆಗುವ ಗಾಡಿಗೆ 'ಆನ್' ಅಂತ ಒಂದು ಗುರುತು ಕೊಟ್ಟೆ. ಹಾಗಾದ್ರ ಟಂಟಂಗೆ (ಜನ ತುಂಬಿ ಹೋಗುವ ದೊಡ್ಡ ಆಟೋ) ಏನು ಅಂದರು. ಬಗ್ಗಿ ಕೂರಬೇಕಲ್ಲ, 'ಇನ್' ಅಂತ ಅವರೇ ತೀರ್ಮಾನ ಮಾಡಿದರು.

'ಸ್ಟಾಪ್ಡ್' ಅನ್ನುವುದನ್ನು 'ಸ್ಟಾಪ್ಪೆಡ್' ಅನ್ನುವ ಅಭ್ಯಾಸ ನಮಗೆಲ್ಲ ಇದೆ, ನನಗೂ ಇತ್ತು. ಕೇಳಿಸುವುದು 'ಸ್ಟಾಪ್ಟ್', 'ಎಂಟರ್ಡ್', 'ಶೌಟಿಡ್'. ಮೂರು ಬೇರೆ ಬೇರೆ ಕೊನೆ. ಟ ಅಥವಾ ಡ ಸದ್ದಿನಲ್ಲಿ ಮುಗಿಯುವ ಕ್ರಿಯಾಪದಕ್ಕೆ ಮಾತ್ರ 'ಇಡ್' ಪೂರ್ತಿ ಕೇಳಿಸುತ್ತದೆ. ಇದಕ್ಕೆ ಒಂದು ಆಟ ಸಾಕು. ನಾನು ಪದ ಹೇಳುತ್ತೇನೆ, ಅವರು ಒಂದು, ಎರಡು, ಮೂರು ಬೆರಳು ತೋರಿಸುತ್ತಾರೆ. ಐದು ನಿಮಿಷದ್ದು.

ಹತ್ತನೇ ತರಗತಿಗೆ ಅದೇ ಕಥೆಯನ್ನು ಮುಂದುವರಿಸಿದೆ. ಚೀಲ ಸಿಕ್ಕ ಖುಷಿಗೆ ಮಾಮ ರೇಖಾಳನ್ನು ಬಿದ್ರಿ, ಅಂದರೆ ಬೀದರ್‌ನ ಲೋಹದ ಕಲೆಯ ಅಂಗಡಿಗೆ ಕರೆದುಕೊಂಡು ಹೋಗುತ್ತಾನೆ. ಕುಶಲಕರ್ಮಿ ಕೆಲಸ ತೋರಿಸುತ್ತಾರೆ. ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ಯುತ್ತಾರೆ. ಮೇಲೆ ಚಿತ್ರ ಕೆತ್ತುತ್ತಾರೆ. ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಅನ್ನುವ ಒಂದು ಬಗೆಯ ಲವಣ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಕರ್ಮಣಿ ಪ್ರಯೋಗ ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. 'ಸಿಲ್ವರ್ ವೈರ್ ಇಸ್ ಫಿಕ್ಸ್ಡ್ ಇನ್ ದ ಲೈನ್ಸ್' ಅನ್ನುವುದಕ್ಕೆ 'ಕೂರಿಸಲ್ಪಡುತ್ತದೆ' ಅಂತ ಅರ್ಥ ಹೇಳಿಕೊಡುತ್ತೇವೆ. ಆ ಪದವನ್ನು ಯಾವ ಮನೆಯಲ್ಲಿ ಆಡುತ್ತಾರೆ? 'ತಂತಿ ಕೂರಿಸ್ತಾರ' ಅನ್ನುತ್ತೇವೆ. ಯಾರು ಅಂತ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಮಾಡಿದವರಿಗಿಂತ ಆದ ಕೆಲಸ ಮುಖ್ಯ ಆದಾಗ ಇಂಗ್ಲಿಷ್ ಈ ರೂಪ ಹಿಡಿಯುತ್ತದೆ ಅಂದರೆ ಅರ್ಥ ಆಗುತ್ತದೆ.

ಎಲ್ಲ ಮಕ್ಕಳಿಗೂ ಬಂತು ಅಂತ ಹೇಳಲಾರೆ. ಡಿಕ್ಟೋಗ್ಲಾಸ್ ಗುಂಪಿನಲ್ಲಿ ಚುರುಕಾದ ಒಬ್ಬರೇ ಎಲ್ಲ ಬರೆದುಬಿಡುತ್ತಾರೆ. ಈಗ ಪೆನ್ನನ್ನು ವಾಕ್ಯಕ್ಕೊಬ್ಬರಂತೆ ಕೈ ಬದಲಾಯಿಸಬೇಕು ಅಂತ ನಿಯಮ ಮಾಡಿದ್ದೇನೆ. ಎಸ್ಸೆಸ್ಸೆಲ್ಸಿ ಲಿಖಿತ ಪರೀಕ್ಷೆಯಲ್ಲಿ ಕೇಳಿಸಿಕೊಳ್ಳುವುದಕ್ಕೆ ಅಂಕ ಇಲ್ಲ, ಇದಕ್ಕೆ ಇಷ್ಟು ಹೊತ್ತು ಯಾಕೆ ಅಂತ ಕೇಳಿದವರೂ ಇದ್ದಾರೆ. ಕೇಳಿದ್ದನ್ನೇ ಅಲ್ವಾ ಆಡುವುದು, ಬರೆಯುವುದು? ನಮ್ಮ ಅವ್ವಂದಿರು ನಮಗೆ ಮಾತು ಕಲಿಸಿದ್ದು ಹೀಗೇ. ವಾರಕ್ಕೆ ಎರಡು ಪೀರಿಯಡ್ ನಾನು ಇದಕ್ಕೆ ಇಟ್ಟೇ ಇಡುತ್ತೇನೆ.

ಈಗ ಎಂಟನೇ ತರಗತಿಯವರು ಮುಂದಿನ ಕಥೆಯನ್ನು ತಾವೇ ಬರೆಯುತ್ತಿದ್ದಾರೆ. ಗಾಣಗಾಪುರದ ಬಸ್ಸು, ಭೀಮಾ ಅಮರ್ಜಾ ಸಂಗಮ. ಈ ಸಲ ಕಳೆಯುವುದು ಒಂದು ಚಪ್ಪಲಿ. ಅದು 'ಇನ್ ದ ರಿವರ್' ಇರಬೇಕೋ 'ಆನ್ ದ ಸ್ಟೆಪ್ಸ್' ಇರಬೇಕೋ ಅಂತ ನಿನ್ನೆಯಿಂದ ಎರಡು ಗುಂಪು ವಾದ ಮಾಡುತ್ತಿವೆ. ನೀರಾಗ ಬಿದ್ರ ಸಿಗೂದಿಲ್ಲ ಸರ್, ಮೆಟ್ಟಿಲ ಮ್ಯಾಲೇ ಇರ್ಲಿ ಅಂತ ಒಬ್ಬಳು ನನ್ನ ಹತ್ತಿರ ಬಂದು ಹೇಳಿದ್ದಾಳೆ.