ಸ್ಪ್ಯಾನಿಷ್‌ನಲ್ಲಿ ಸಂಪಾದಕರಿಗೆ ಏನೆನ್ನಬೇಕು?

ಪತ್ರಿಕೆಯೊಂದರ ಸಿಬ್ಬಂದಿ ಪಟ್ಟಿಯನ್ನು ಸ್ಪ್ಯಾನಿಷ್‌ಗೆ ತರುವಾಗ ಎಡವಿದ್ದು 'ಎದಿತೋರ್' ಪದದಲ್ಲಿ. ಪ್ರಧಾನ ಸಂಪಾದಕರಿಗೆ ಅದನ್ನು ಹಾಕಿದರೆ ಸ್ಪೇನಿನ ಓದುಗರಿಗೆ ಮೊದಲು ಹೊಳೆಯುವುದು ಪ್ರಕಾಶಕ. ಅಲ್ಲಿ ಪತ್ರಿಕೆಯ ಚುಕ್ಕಾಣಿ ಹಿಡಿದವರು 'ದಿರೆಕ್ತೋರ್', ಮಹಿಳೆಯಾದರೆ 'ದಿರೆಕ್ತೋರಾ'. ಅವರ ಕೆಳಗೆ ಸುದ್ದಿಮನೆ ನೋಡಿಕೊಳ್ಳುವ 'ರೆದಾಕ್ತೋರ್ ಹೇಫೆ', ಸುದ್ದಿ ಬರೆಯುವವರು ಬರೀ 'ರೆದಾಕ್ತೋರ್'. ಲ್ಯಾಟಿನ್ ಅಮೆರಿಕದಲ್ಲಿ ವಿಭಾಗದ ಸಂಪಾದಕರಿಗೆ 'ಎದಿತೋರ್' ಅನ್ನುವುದೂ ಉಂಟು. ಹಾಗಾಗಿ ಓದುಗರು ಯಾವ ದೇಶದವರು, ಆ ವ್ಯಕ್ತಿ ಮಾಡುವ ಕೆಲಸ ಏನು ಎಂದು ನೋಡಿ ಪದ ಹಾಕಿದ ಮೇಲೆಯೇ ಪಟ್ಟಿ ಸರಿಹೋಯಿತು.

'ಎದಿತೋರಿಯಾಲ್' ಇನ್ನೂ ಕಿಲಾಡಿ. 'ಎಲ್ ಎದಿತೋರಿಯಾಲ್' ಅಂದರೆ ಸಂಪಾದಕೀಯ, 'ಲಾ ಎದಿತೋರಿಯಾಲ್' ಅಂದರೆ ಪ್ರಕಾಶನ ಸಂಸ್ಥೆ. ಎರಡೂ ಸರಿಯಾದ ಪದಗಳೇ ಆದ್ದರಿಂದ 'ಎಲ್' ಮತ್ತು 'ಲಾ' ಅದಲುಬದಲಾದರೆ ಕಾಗುಣಿತ ತಿದ್ದುವ ತಂತ್ರಾಂಶ ಆ ತಪ್ಪನ್ನು ಹಿಡಿಯುವುದಿಲ್ಲ. ಪ್ರತಿಯೊಂದನ್ನೂ ಹುಡುಕಿ ಕಣ್ಣಾರೆ ನೋಡಲೇಬೇಕು.

'ದಿಯಾರಿಯೊ' ದಿನಪತ್ರಿಕೆಯೂ ಹೌದು, ದಿನಚರಿಯೂ ಹೌದು. ಗೊಂದಲವಾಗುವ ಕಡೆ 'ಪೆರಿಯೋದಿಕೊ' ಹಾಕಿ. ಟೀವಿ ವಾರ್ತೆ ಸ್ಪೇನಿನಲ್ಲಿ 'ತೆಲೆದಿಯಾರಿಯೊ', ಮೆಕ್ಸಿಕೊದಲ್ಲಿ 'ನೋತಿಸಿಯೇರೊ'. ಒಂದೇ ಸುದ್ದಿಯಾದರೆ 'ಉನಾ ನೋತಿಸಿಯಾ', ಹಲವಾದರೆ ಕೊನೆಗೊಂದು 'ಸ್'. ಮುಖಪುಟ 'ಪೋರ್ತಾದಾ', ತಲೆಬರಹ 'ತಿತುಲಾರ್', ಇವೆರಡರಲ್ಲಿ ತಕರಾರಿಲ್ಲ.