ಆನ್-ಕಾಲ್ ಪಾಳಿಗೆ ಕೀಪ್ಯಾಡ್ ಫೋನ್: ನನ್ನ ಅನುಭವ

ಆನ್-ಕಾಲ್ ಇರುವವನು, ಅಂದರೆ ಕಂಪನಿಯ ವ್ಯವಸ್ಥೆ ಕೆಟ್ಟರೆ ರಾತ್ರಿಯಲ್ಲೂ ಎದ್ದು ನೋಡಬೇಕಾದವನು, ಸ್ಮಾರ್ಟ್‌ಫೋನ್ ಇಲ್ಲದೆ ಒಂದು ವಾರವೂ ಕಳೆಯಲಾರ ಎಂದು ನಮ್ಮ ತಂಡದವರು ಪಂದ್ಯ ಕಟ್ಟಿದ್ದರು. ಒಂದೂವರೆ ವರ್ಷವಾಗುತ್ತಾ ಬಂತು. ಪಂದ್ಯ ಕಟ್ಟಿದವರಲ್ಲೇ ಇಬ್ಬರು ಈಗ ಕೀಪ್ಯಾಡ್ ಫೋನ್ ಕೊಂಡಿದ್ದಾರೆ.

ರಾತ್ರಿ ಫೋನ್ ನೋಡುವ ಚಟ ಬಿಡಲು ಹೋಗಿ ಮೊದಲು ದಂಡವಾದ ಹಣದ ಲೆಕ್ಕ. ಆ್ಯಪ್‌ಗಳಿಗೆ ಬೀಗ ಹಾಕುವ ಆ್ಯಪ್‌ಗೆ ವರ್ಷದ ಚಂದಾ ಮೂರು ಸಾವಿರದ ಆಸುಪಾಸು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಕಾರ್ಡು, ಅಡಾಪ್ಟರ್ ಸೇರಿ ಏಳು ಸಾವಿರ. ಅದರಲ್ಲಿ ಮನೆಯ ವೈಫೈನಲ್ಲಿ ಬೇಡದ ತಾಣಗಳನ್ನು ತಡೆಯುವ ಪೈ-ಹೋಲ್ ತಂತ್ರಾಂಶ ಹಾಕಿ ಇನ್‌ಸ್ಟಾಗ್ರಾಂ, ಯೂಟ್ಯೂಬ್ ಡೊಮೇನ್‌ಗಳನ್ನೇ ಮುಚ್ಚಿದೆ. ಮೊಬೈಲ್ ಡೇಟಾ ಆನ್ ಮಾಡಿದರೆ ಎಲ್ಲವೂ ಬಯಲು. ಕಂಪ್ಯೂಟರಿನಲ್ಲೇ ತಾಣಗಳನ್ನು ತಡೆಯಲು ಬಳಸುವ ಹೋಸ್ಟ್ಸ್ ಫೈಲಿನ ಕಥೆಯೂ ಅಷ್ಟೇ. ಏನನ್ನೂ ಬದಲಿಸಬಲ್ಲ ರೂಟ್ ಪಾಸ್‌ವರ್ಡ್ ನಮ್ಮ ಕೈಯಲ್ಲೇ ಇರುವಾಗ ಬೇಲಿಯೇ ಎದ್ದು ಹೊಲ ಮೇಯುತ್ತದೆ. ಪರದೆಯನ್ನು ಕಪ್ಪುಬಿಳುಪು ಮಾಡಿಯೂ ನೋಡಿದೆ. ರೀಲ್ಸ್ ಕಪ್ಪುಬಿಳುಪಿನಲ್ಲೂ ಚೆನ್ನಾಗಿಯೇ ಓಡುತ್ತದೆ.

ಈ ನಡುವೆ ಮನೋವಿಜ್ಞಾನಿ ಕಿಂಬರ್ಲಿ ಯಂಗ್ ಅವರ, ಇಂಟರ್‌ನೆಟ್ ಚಟ ಅಳೆಯುವ 20 ಪ್ರಶ್ನೆಗಳ ಪರೀಕ್ಷೆಗೂ ಉತ್ತರ ಬರೆದೆ. ಬೇರೆ ಕೆಲಸಕ್ಕೆ ಮೊದಲು ಇಮೇಲ್ ನೋಡುತ್ತೀರಾ ಎಂದು ಅದರಲ್ಲೊಂದು ಪ್ರಶ್ನೆ. ನಮಗೆ ಸಂಬಳ ಬರುವುದೇ ಅದಕ್ಕೆ!

ಪೈ ಮಾತ್ರ ಒಂದು ವಿಷಯಕ್ಕೆ ಉಪಯೋಗಕ್ಕೆ ಬಂತು. ತಡೆ ತೆಗೆದ ಮೇಲೆ, ಯಾವ ತಾಣ ಯಾವಾಗ ತೆರೆಯಿತು ಎಂದು ಅದು ಬರೆದಿಟ್ಟ ಲಾಗನ್ನು ಅಲರ್ಟ್ (ಏನೋ ಕೆಟ್ಟಿದೆ ಎಂಬ ಎಚ್ಚರಿಕೆ) ಬಂದ ಸಮಯದ ಪಕ್ಕ ಇಟ್ಟು ಗ್ರಾಫ್ ಬರೆದೆ. ನಡುರಾತ್ರಿಯ ಅಲರ್ಟ್ ಮುಗಿಯಲು ಹತ್ತು ನಿಮಿಷ. ಅದರ ಬೆನ್ನಿಗೇ ಹೆಚ್ಚುಕಡಿಮೆ ಎರಡು ಗಂಟೆ ಇನ್‌ಸ್ಟಾಗ್ರಾಂ. ಅಲರ್ಟ್ ಇಲ್ಲದ ರಾತ್ರಿ ಗ್ರಾಫ್ ಬಹುತೇಕ ಖಾಲಿ. ಅಂದರೆ ಮುಚ್ಚಬೇಕಾದದ್ದು ಆ್ಯಪನ್ನಲ್ಲ, ಸ್ಮಾರ್ಟ್‌ಫೋನಿಗೆ ಅಲರ್ಟ್ ಬರುವ ದಾರಿಯನ್ನು.

ಈಗ ಅಲರ್ಟ್ ಬರುವುದು ಧ್ವನಿ ಕರೆಯಾಗಿ, ಸುಮಾರು 1,800 ರೂಪಾಯಿಯ ಕೀಪ್ಯಾಡ್ ಫೋನಿಗೆ. ಸ್ಮಾರ್ಟ್‌ಫೋನ್ ಸಂಜೆಯಿಂದ ಬೆಳ್ಳಂದೂರಿನ ಕಚೇರಿಯ ಡ್ರಾಯರ್‌ನಲ್ಲಿ. ಲಾಗಿನ್‌ನ ಎರಡನೇ ಹಂತಕ್ಕೆ ಫೋನಿನ ಬದಲು ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಕೀ, ನಾಲ್ಕು ಸಾವಿರದ ಹತ್ತಿರ. ಲ್ಯಾಪ್‌ಟಾಪಿನಲ್ಲಿ ಸಾಮಾಜಿಕ ಜಾಲತಾಣಗಳನ್ನು ಕಂಪನಿಯೇ ಮುಚ್ಚಿದೆ; ಆ ಬೀಗದ ಕೈ ನನ್ನಲ್ಲಿಲ್ಲ, ಅದೇ ಅನುಕೂಲ. ಯಾವ ಅಲರ್ಟ್‌ಗೆ ಕರೆ ಬರಬೇಕು, ಯಾವುದು ಬೆಳಗಿನವರೆಗೆ ಕಾಯಬೇಕು ಎಂಬ ನಿಯಮಗಳನ್ನು ಇಲ್ಲಿ ಬರೆಯುವುದಿಲ್ಲ. ಕೈಚಳಕ ಇರುವುದೇ ಅದರಲ್ಲಿ.

ಕೀಪ್ಯಾಡ್ ಫೋನ್‌ಗಳಿಗೆಂದೇ 2022ರಲ್ಲಿ ಬಂದ, ಇಂಟರ್‌ನೆಟ್ ಇಲ್ಲದೆ ಕರೆ ಮಾಡಿ ಹಣ ಕೊಡುವ ಯುಪಿಐ 123ಪೇ ಕೂಡ ಪ್ರಯತ್ನಿಸಿದೆ. ದರ್ಶಿನಿಯ ಕೌಂಟರ್‌ನಲ್ಲಿ ಹಿಂದೆ ನಿಂತವರು ಗೊಣಗಿದ್ದರಿಂದ ಜೇಬಿನಲ್ಲಿ ಐನೂರರ ನೋಟು ಇಟ್ಟುಕೊಳ್ಳುತ್ತೇನೆ. ನಡುರಾತ್ರಿ ಐಸ್‌ಕ್ರೀಂ, ಚಿಪ್ಸ್ ತರಿಸುವುದು ನಿಂತು ತಿಂಗಳಿಗೆ ಎರಡು ಮೂರು ಸಾವಿರ ಉಳಿಯುತ್ತಿದೆ. ಹಾಕಿದ ದುಡ್ಡು ಎಂದೋ ವಾಪಸಾಯಿತು.

ಕೊಳ್ಳುವವರು 4ಜಿ ಕರೆ ಸೌಲಭ್ಯ ಇರುವ ಫೋನನ್ನೇ ಕೊಳ್ಳಿ. ಅಂಗಡಿಯಲ್ಲೇ ಮೆನು ತೆರೆದು ನೋಡಿ. ಕೆಲವು ಕೀಪ್ಯಾಡ್ ಫೋನ್‌ಗಳಲ್ಲೂ ಯೂಟ್ಯೂಬ್ ಬರುತ್ತದೆ.